ಅನಿಮೇಷನ್ ಸ್ಲೈಡ್ ಮೇಲೆ ಟ್ಯಾಬ್ಲೆಟ್ ಪೆನ್ನು: ನನ್ನ ಅನುಭವ

ಪವರ್‌ಪಾಯಿಂಟ್ ಶೋ ನಡೆಯುವಾಗ, ಕಂಪ್ಯೂಟರಿಗೆ ಜೋಡಿಸಿದ ಗ್ರಾಫಿಕ್ಸ್ ಟ್ಯಾಬ್ಲೆಟ್‌ಗೆ (ಪೆನ್ನಿನಿಂದ ಬರೆಯುವ ಹಲಗೆಗೆ) ಪೆನ್ನು ತಾಗಿಸಿದರೆ ಗೆರೆ ಮೂಡುತ್ತಿರಲಿಲ್ಲ, ಮುಂದಿನ ಅನಿಮೇಷನ್ ಓಡಿಬಿಡುತ್ತಿತ್ತು. ಪೆನ್ನಿನ ತುದಿಯ ಒತ್ತು ಮೌಸ್ ಕ್ಲಿಕ್ ಆಗುವುದೇ ಕಾರಣ. ಕಂಟ್ರೋಲ್ ಹಿಡಿದು ಪಿ ಒತ್ತಿದರೆ ಬಾಣ ಹೋಗಿ ಪೆನ್ ಬರುತ್ತದೆ. ಆಮೇಲೆ ಎಷ್ಟು ಗೀಚಿದರೂ ಸ್ಲೈಡ್ ಕದಲದು. ಅನಿಮೇಷನ್ ಮುಂದುವರಿಸಲು ಇನ್ನೊಂದು ಕೈಯಲ್ಲಿ ಸ್ಪೇಸ್ ಬಾರ್ ಒತ್ತಿ. ಕಂಟ್ರೋಲ್-ಪಿ ಶಾರ್ಟ್‌ಕಟ್ಟನ್ನು ಡ್ರೈವರ್‌ನಲ್ಲಿ (ಟ್ಯಾಬ್ಲೆಟ್ಟಿನ ಸೆಟ್ಟಿಂಗ್ ತಂತ್ರಾಂಶದಲ್ಲಿ) ಪೆನ್ನಿನ ಪಕ್ಕದ ಗುಂಡಿಗೇ ಕೊಟ್ಟರೆ ಬಹಳ ಅನುಕೂಲ.

ಕರ್ಸರ್ ಪಕ್ಕದ ಪರದೆಗೆ ಜಾರಿದರೆ, ಡ್ರೈವರ್‌ನಲ್ಲಿ ಶೋ ನಡೆಯುವ ಪರದೆಯೊಂದನ್ನೇ ಆರಿಸಿ.

ಗೆರೆ ಅಂಟುವುದು ಸ್ಲೈಡಿಗೆ, ಚಲಿಸುವ ಚಿತ್ರಕ್ಕಲ್ಲ. ಹಾಗಾಗಿ ಚಿತ್ರ ಬಂದು ನಿಂತ ಮೇಲೆಯೇ ಸುತ್ತು ಹಾಕಿ. ಅದು ಮತ್ತೆ ಸರಿಯುವ ಮುನ್ನ ಇ ಒತ್ತಿ ಅಳಿಸಿ. ಕೊನೆಯಲ್ಲಿ ಗೆರೆಗಳನ್ನು ಉಳಿಸಬೇಕೇ ಎಂದು ಕೇಳಿದಾಗ ಬೇಡವೆನ್ನಿ. ಉಳಿಸಿದರೆ ಮುಂದಿನ ಸಲ ಚಿತ್ರಕ್ಕಿಂತ ಮೊದಲೇ ಗೆರೆ ಕಾಣಿಸಿಕೊಳ್ಳುತ್ತದೆ.