ಕುದುರೆ ಕಾಲು ಊದಿದರೆ ಮೊದಲು ಅಂಗೈ ಇಟ್ಟು ನೋಡಿ

ಆಷಾಢ ಏಕಾದಶಿ ಕಳೆದರೆ ಪುಣೆಯಲ್ಲಿ ಲಗ್ನಗಳು ನಿಂತುಬಿಡುತ್ತವೆ. ತುಳಸಿ ಲಗ್ನ ಆಗುವ ತನಕ ಮೆರವಣಿಗೆ ಕುದುರೆಗಳಿಗೆ ಕೆಲಸವಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕುದುರೆ ಕಟ್ಟಿದಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಂಗಾಲು ಎರಡೂ ದಪ್ಪ. ಹಡಪ್ಸರದಲ್ಲಿ ನಮ್ಮ ಮನೆಯವರು ಎರಡು ಬಿಳಿ ಕುದುರೆ ಸಾಕಿದ್ದ ಕಾಲದಿಂದ ಇದನ್ನು ಕಂಡಿದ್ದೇನೆ. ಈಗ ವಿಜಯಪುರದ ಕಡೆಯ ನಮ್ಮ ಹುಡುಗರು ಇಲ್ಲಿ ಕುದುರೆ ಇಟ್ಟುಕೊಂಡಿದ್ದಾರೆ. ಕಾಲು ಊದಿತು ಅಂದರೆ ಗಾಬರಿಯಾಗಿ ನನಗೇ ಫೋನ್ ಮಾಡುತ್ತಾರೆ.

ಔಷಧಿ ಡಬ್ಬಿ ಆಮೇಲೆ ತೆಗೆಯಿರಿ. ಮೊದಲು ಊದಿದ ಜಾಗದ ಮೇಲೆ ಅಂಗೈ ಇಡಿ. ಇನ್ನೊಂದು ಕಾಲಲ್ಲೂ ಅದೇ ಜಾಗಕ್ಕೆ ಇಡಿ. ಎರಡೂ ಒಂದೇ ಸಮ ಊದಿ, ತಣ್ಣಗಿದ್ದು, ಒತ್ತಿದರೆ ಬೆರಳಿನ ಗುಳಿ ಬೀಳುತ್ತಿದ್ದು, ಕುದುರೆ ಕುಂಟದಿದ್ದರೆ ಅದು ಸುಮ್ನೆ ನಿಂತು ನಿಂತು ನೀರು ಇಳಿದದ್ದು. ದಿನಕ್ಕೆ ಎರಡು ಮೂರು ಸಲ ನಡೆಸಿ, ನಡೆದಂತೆ ಇಳಿಯುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಹುರುಳಿ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಹಾಕಿ.

ಒಂದೇ ಕಾಲು ಊದಿ, ಮುಟ್ಟಿದರೆ ಬಿಸಿ ಹತ್ತಿದರೆ ಮಾತು ಬೇರೆ. ಏಟೋ ಉಳುಕೋ ಆಗಿರುತ್ತದೆ. ಅವತ್ತೇ ಶಾಖ ಕೊಡಬೇಡಿ, ಮುಲಾಮು ಹಾಕಿ ತಿಕ್ಕಬೇಡಿ. ನಮ್ಮ ಬಿಜಲಿ ಒಮ್ಮೆ ಜಾರಿದಾಗ ಕೆಲಸದವನೊಬ್ಬ ಪ್ರೀತಿಯಿಂದಲೇ ಬಿಸಿ ಇಟ್ಟಿಗೆಯ ಶಾಖ ಕೊಟ್ಟಿದ್ದ. ಸಂಜೆಗೆ ಕಾಲು ಕಂಬದ ಹಾಗಾಗಿತ್ತು. ಪಾಪ, ಅದು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ರಾತ್ರಿಯೆಲ್ಲ ನಿಂತಿತ್ತು.

ಮೊದಲ ಎರಡು ದಿನ ತಣ್ಣೀರೇ ಔಷಧಿ. ಪೈಪಿನ ನೀರನ್ನು ಗೊರಸಿನ ಮೇಲೆ ಶುರು ಮಾಡಿ, ಕುದುರೆ ಒಗ್ಗಿದ ಮೇಲೆ ನಿಧಾನಕ್ಕೆ ಊತದವರೆಗೆ ತನ್ನಿ. ಒಂದು ಸಲಕ್ಕೆ 15ರಿಂದ 20 ನಿಮಿಷ, ದಿನಕ್ಕೆ ಮೂರು ಸಲ. ಪಕ್ಕದಲ್ಲಿ ನಿಂತು ಬಗ್ಗಿ, ಕುಕ್ಕರಗಾಲಲ್ಲಿ ಕೂರಬೇಡಿ. ಮುಗಿದ ಮೇಲೆ ಗೊರಸಿನ ಹಿಂದಿನ ಗುಳಿಯನ್ನು ಒಣಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಅಲ್ಲಿ ತೇವ ಉಳಿದರೆ ಚರ್ಮ ಬಿರಿಯುತ್ತದೆ. ಪಟ್ಟಿ ಸುತ್ತುವುದಾದರೆ ಕೆಳಗೆ ದಪ್ಪ ಹತ್ತಿ ಇರಲಿ, ಎಲ್ಲ ಕಡೆ ಒಂದೇ ಬಿಗಿ ಇರಲಿ. ಬಿಗಿ ಜಾಸ್ತಿಯಾದರೆ ಪಟ್ಟಿಯಿಂದಲೇ ಗಾಯವಾಗುತ್ತದೆ.

ತರಚಿದ ಗಾಯವಾದರೆ ಒಂದು ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ, ಅಂದರೆ ಚಿಕ್ಕ ಚಮಚದಲ್ಲಿ ಒಂದೂವರೆಯಷ್ಟು ಉಪ್ಪು ಕರಗಿಸಿ, ಧಾರಾಳವಾಗಿ ತೊಳೆಯಿರಿ. ಅರಿಶಿನ, ಬೂದಿ, ಗಾಡಿ ಎಣ್ಣೆ ಮೆತ್ತಬೇಡಿ. ಗಾಯ ಎಷ್ಟು ಆಳ ಅಂತ ಆಮೇಲೆ ಡಾಕ್ಟರಿಗೂ ಕಾಣುವುದಿಲ್ಲ. ಕೀಲಿನ ಹತ್ತಿರ ಚಿಕ್ಕ ತೂತಾದರೂ ಕಾಯಬೇಡಿ, ಅಂಟಂಟಾಗಿ ಹಳದಿ ನೀರು ಬಂದರಂತೂ ಅದೇ ಗಳಿಗೆಗೆ ಫೋನ್ ಮಾಡಿ. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ. ಹಿಂದಿನ ಇಂಜೆಕ್ಷನ್ ಯಾವಾಗ ಆಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಲಗ್ನದ ದಿನಗಳಲ್ಲಿ ಮಂಟಪದ ಮೊಳೆಗಳು ರಸ್ತೆಯಲ್ಲಿ ಬಿದ್ದಿರುತ್ತವೆ, ಅಲ್ವಾ? ಗೊರಸಿನ ಅಡಿಗೆ ಮೊಳೆ ಹೊಕ್ಕಿದ್ದರೆ ಅವಸರದಲ್ಲಿ ಕಿತ್ತು ಬಿಸಾಡಬೇಡಿ. ಅದು ಯಾವ ಕಡೆಗೆ, ಎಷ್ಟು ಒಳಗೆ ಹೋಗಿದೆ ಅಂತ ಡಾಕ್ಟರು ಎಕ್ಸ್‌ರೇ ತೆಗೆದು ನೋಡಬೇಕು. ಹೆಜ್ಜೆ ಇಟ್ಟಾಗ ಇನ್ನೂ ಒಳಗೆ ಹೋಗದ ಹಾಗೆ ಮೊಳೆಯ ಅಕ್ಕಪಕ್ಕ ದಪ್ಪ ಮೆತ್ತೆ ಕಟ್ಟಿ, ಕುದುರೆಯನ್ನು ನಿಂತಲ್ಲೇ ನಿಲ್ಲಿಸಿ.

ಲಾಯದಲ್ಲಿ ಒಂದು ಥರ್ಮಾಮೀಟರ್ ಇರಲಿ. ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ, ದಾಟಿದರೆ ಡಾಕ್ಟರಿಗೆ ಹೇಳಿ. ನಮ್ಮ ನೋವಿನ ಮಾತ್ರೆ ಪುಡಿ ಮಾಡಿ ಹುರುಳಿಗೆ ಬೆರೆಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಊತ ಇಳಿದ ದಿನವೇ ಮದುಮಗನನ್ನು ಕೂರಿಸಬೇಡಿ. ಬ್ಯಾಂಡಿನ ಗದ್ದಲದಲ್ಲಿ ಎರಡು ಮೂರು ತಾಸು ಡಾಂಬರಿನ ಮೇಲೆ ನಿಲ್ಲಬೇಕಾದ ಕಾಲು ಅದು. ಮೊದಲು ಖಾಲಿ ಬೆನ್ನಲ್ಲಿ ನಡೆಸಿ, ಮರುದಿನ ಬೆಳಿಗ್ಗೆ ಮತ್ತೆ ಅಂಗೈ ಇಟ್ಟು ನೋಡಿ. ಬಿಸಿ ಹತ್ತಿದರೆ, ಮುಂಗಡ ತಗೊಂಡಿದ್ದರೂ ವಾಪಸ್ ಕೊಡಿ, ಇಲ್ಲವೇ ಪರಿಚಯದವರ ಕುದುರೆ ಕಳಿಸಿ.