ಕೋಷ್ಟಕ ಬಿಟ್ಟೆ, ಆ್ಯಪ್ ಕಾಲೂರಿತು

ಬಣ್ಣ ಆರಿಸಿ ಪರದೆಯ ಮೇಲೆ ಬೆರಳಾಡಿಸಿದರೆ ರಾಗ ಕೇಳಿಸುವ ಆ್ಯಪ್ ನನ್ನದು. ಕೆಂಪು ಅಂದರೆ ಸಿಟ್ಟು, ನೀಲಿ ಅಂದರೆ ದುಃಖ: ಬಣ್ಣದಿಂದ ಮೂಡ್ ಊಹಿಸುವ ಈ ರೆಡಿಮೇಡ್ ಕೋಷ್ಟಕ ಬಾಗಲಕೋಟೆ ಕಡೆ ನಡೆಯುವುದಿಲ್ಲ. ಇಳಕಲ್ ಸೀರೆಯ ಸೆರಗೇ ಕೆಂಪು. ಇಲ್ಲಿ ಅದು ಮದುವೆ ಮನೆಯ ಬಣ್ಣ. ಬಣ್ಣದ ಆಯ್ಕೆ ಕೇಳುಗರಿಗೇ ಇರಲಿ ಅಂತ ನಾನು ಅಂದಾಗ, ‘ಹಂಗಾದ್ರ ಮೂಡ್ ತಿಳಿಯೋದು ಹ್ಯಾಂಗ?’ ಅಂತ ಬಲ್ಲವರು ತಲೆ ಅಲ್ಲಾಡಿಸಿದ್ದರು. ಈಗ ಏಳೆಂಟು ಸಾವಿರದ ಫೋನಿನಲ್ಲೂ ಆ್ಯಪ್ ತಡವರಿಸದೆ ಓಡುತ್ತದೆ, ಡೆಮೊ ತೋರಿಸಿ ಅನ್ನುವವರೂ ಅಂದು ತಲೆ ಅಲ್ಲಾಡಿಸಿದವರೇ.

ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿಹಸಿರು, ಏನನ್ನೇ ಆರಿಸಲಿ, ಅದಕ್ಕೆ ಅರ್ಥ ಹಚ್ಚುವುದಿಲ್ಲ. ಬಣ್ಣ ಗಾಢವಾದಷ್ಟು ಲಯ ಏರುತ್ತದೆ, ಹೊಳಪು ಹೆಚ್ಚಿದಷ್ಟು ಆಲಾಪ ಕೆಳಗಿನ ಮಂದ್ರದಿಂದ ಮೇಲಿನ ತಾರಕ್ಕೆ ಸರಿಯುತ್ತದೆ. ಇದಕ್ಕೆ ಎಚ್‌ಎಸ್‌ಎಲ್ (ವರ್ಣ, ಗಾಢತೆ, ಹೊಳಪುಗಳ ಮೂರು ಅಂಕಿಯಲ್ಲಿ ಬಣ್ಣ ಹೇಳುವ ಪದ್ಧತಿ) ಕೆಲಸಕ್ಕೆ ಬಾರದು: ಹಳದಿಗೂ ನೀಲಿಗೂ ಹೊಳಪು ಒಂದೇ 50 ಕೊಟ್ಟರೆ ಹಳದಿ ಕಣ್ಣು ಕುಕ್ಕುತ್ತದೆ, ನೀಲಿ ಕತ್ತಲಾಗುತ್ತದೆ. ಹೊಳಪನ್ನು ಕಣ್ಣಿಗೆ ಕಾಣುವಂತೆಯೇ ಅಳೆಯುವ ಓಕೆಎಲ್‌ಸಿಎಚ್ ಬಳಸಿ, ಪರದೆಯ ಮಿತಿ ಮೀರಿದಾಗ ಗಾಢತೆ ಇಳಿಸಿ, ವರ್ಣ ಮುಟ್ಟಬೇಡಿ.

ಹಣ ತಿಂದದ್ದು ಕೋಡ್ ಅಲ್ಲ, ರೆಕಾರ್ಡಿಂಗ್. ಕಲಾವಿದರ ಸಂಭಾವನೆ ಸೇರಿ ನಲವತ್ತು ಸಾವಿರದ ಆಸುಪಾಸು. ಅಗ್ಗದ ಲೂಪ್ ಪ್ಯಾಕ್‌ಗಳ ಶ್ರುತಿ ಕೀಬೋರ್ಡಿನದು. ಅದರ ಗಾಂಧಾರ ತಂಬೂರಿಯ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲೆ ಕೂರುತ್ತದೆ, ಯಮನ್ ರಾಗ ಕೆಡುತ್ತದೆ. ಎಲ್ಲವನ್ನೂ ಕಪ್ಪು ಒಂದರಲ್ಲೇ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಾಡಿಸಿದೆ. ಮಾಲಕಂಸ ರಾಗದಲ್ಲಿ ಪಂಚಮ ಇಲ್ಲ, ಆದ್ದರಿಂದ ಮಧ್ಯಮಕ್ಕೆ ಕೂಡಿಸಿದ ತಂಬೂರಿ ಬೇರೆಯೇ ಬೇಕು. ಇದೊಂದು ಹೆಚ್ಚಿನ ಖರ್ಚು, ತಪ್ಪಿಸಲಾಗದು. ಫೋನಿನ ಸ್ಪೀಕರಿನಲ್ಲಿ ಈ ಶ್ರುತಿಯ ಸುಮಾರು 139 ಹರ್ಟ್ಸ್‌ನ ಸಾ ಹೆಚ್ಚುಕಡಿಮೆ ಮಾಯ. ಅದರ ಎರಡು, ಮೂರು ಪಟ್ಟಾದ 277, 416ರ ಸುತ್ತ ಸ್ವಲ್ಪ ಎತ್ತಿ, ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ರಾಗದಿಂದ ರಾಗಕ್ಕೆ ಕ್ರಾಸ್‌ಫೇಡ್ (ಒಂದು ಧ್ವನಿ ತಗ್ಗುತ್ತ ಇನ್ನೊಂದು ಏರುವುದು) ಮಾಡಲೇಬೇಡಿ. ಯಮನ್‌ನ ತೀವ್ರ ಮಧ್ಯಮ ಭೀಮ್‌ಪಲಾಸದ ಕೋಮಲ ಗಾಂಧಾರದ ಮೇಲೆ ಬಿದ್ದರೆ ಅಸಹ್ಯ. ಆಲಾಪ ಸಾ ಮೇಲೆ ನಿಲ್ಲಲಿ, ನಡುವೆ ತಂಬೂರಿ ಮಾತ್ರ ಇರಲಿ. ಫೇಡ್ ಏನಿದ್ದರೂ ತಂಬೂರಿಗೆ: ಒಂದೇ ತಂಬೂರಿ ಲೂಪಿನ ಎರಡು ಪ್ರತಿ ಒಂದಕ್ಕೊಂದು ಕೂಡಿಕೊಂಡು ಓಡುತ್ತಿದ್ದರೆ ಸರಳ ರೇಖೆಯ ಫೇಡ್ ಸಾಕು. ಬೇರೆ ಬೇರೆ ರೆಕಾರ್ಡಿಂಗ್‌ಗಳಿಗೆ ಅದೇ ಫೇಡ್ ಹಾಕಿದರೆ ನಡುವೆ ಸದ್ದು 3 ಡೆಸಿಬಲ್ ಕುಸಿಯುತ್ತದೆ. ಅಲ್ಲಿ ಸೈನ್-ಕೊಸೈನ್ ವಕ್ರರೇಖೆಯ ಫೇಡ್ ಬೇಕು.

ಸ್ಪರ್ಶದಲ್ಲಿ ಒತ್ತಡವನ್ನು ನಂಬುವ ಹಾಗಿಲ್ಲ. ಹಲವು ಅಗ್ಗದ ಫೋನುಗಳು ಎಷ್ಟು ಒತ್ತಿದರೂ 1.0 ಅನ್ನುತ್ತವೆ, ಬೆರಳಿನ ಅಗಲವೂ ಕೆಲವದರಲ್ಲಿ ಬದಲಾಗದು. ಉಳಿದದ್ದು ಬೆರಳಿನ ವೇಗ ಮತ್ತು ತಂಗುವ ಹೊತ್ತು. ನಡುಕ ತೆಗೆಯಲು ಒನ್ ಯೂರೋ ಫಿಲ್ಟರ್. ಅದರ ಎರಡು ಅಂಕಿ ನನ್ನಲ್ಲೇ ಇರಲಿ, ಆ್ಯಪ್‌ನ ಜೀವ ಅಲ್ಲೇ ಇದೆ. ಧ್ವನಿಗೆ ಗೂಗಲ್‌ನ ಓಬೊ ಲೈಬ್ರರಿ, ಫೋನಿನದೇ ಸ್ಯಾಂಪಲ್ ರೇಟ್, ಬಫರ್ (ಧ್ವನಿ ಕಾದು ನಿಲ್ಲುವ ಜಾಗ) ಎರಡು ಬರ್ಸ್ಟ್ (ಫೋನು ಒಮ್ಮೆಗೆ ಓದುವ ತುಣುಕು). ಬ್ಲೂಟೂತ್ ಹಾಕಿದರೆ ಸಾಮಾನ್ಯವಾಗಿ 150–200 ಮಿಲಿಸೆಕೆಂಡ್ ತಡ. ಆಗ ಬಣ್ಣ ತಕ್ಷಣ ಬದಲಾಗಲಿ, ಸ್ವರ ಜಾರಿಕೊಂಡು ಬರಲಿ.

ಕಂಪನಕ್ಕೆ ಹಳೆಯ ಮೋಟರಿರುವ ಫೋನಿನಲ್ಲಿ 10 ಮಿಲಿಸೆಕೆಂಡ್ ಗೊತ್ತೇ ಆಗದು, 30–40 ಬೇಕು. ತೀನ್‌ತಾಲದ 16 ಮಾತ್ರೆಗೂ (ಎಣಿಕೆಗೂ) ಕೊಟ್ಟರೆ ಹಿಟ್ಟಿನ ಗಿರಣಿ ಹಿಡಿದಂತೆ. ತಾಳ ಶುರುವಾಗುವ ಸಮಕ್ಕೆ ಒಂದು, ಅಷ್ಟೇ.

ಇನ್ನೊಂದು ಹುಚ್ಚು ಪ್ರಯೋಗ: ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡನ್ನು ಪರದೆಯ ಮೇಲೆ ಬಿಗಿದು ಆಡಿಸುವುದು. ಜಾರುವ ಬೆರಳು ಸಿಗುತ್ತದೆ, ಮೆಲ್ಲನೆಯ ತಟ್ಟು ತಪ್ಪುತ್ತದೆ. ನೇಯ್ಗೆಯ ಗೆರೆ ಬೆರಳಿಗೆ ತಾಗುವಾಗ ಕೇಳುಗರು ತಾವಾಗಿಯೇ ನಿಧಾನವಾಗುತ್ತಾರೆ, ಲಯವೂ ಇಳಿಯುತ್ತದೆ. ತಟ್ಟುವುದನ್ನು ಬಿಟ್ಟು ಎಲ್ಲ ಆದೇಶವನ್ನೂ ಸವರುವಿಕೆಗೆ ತಂದದ್ದು ಇದನ್ನು ನೋಡಿಯೇ. ಮಾಡಿ ನೋಡುವವರು ಒಂದೇ ಪದರ ಹಾಕಿ, ಜರಿ ಇಲ್ಲದ್ದನ್ನೇ ಆರಿಸಿ.