ಕಂಪ್ಯೂಟರ್ ಪದೇ ಪದೇ ನಿಂತುಹೋಗುತ್ತಿದೆಯೇ? ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು, ಮನೆಯೊಳಗೂ ಥಂಡಿ ತುಂಬಿರುವುದು ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಹೊಸದಲ್ಲ. ತೋಟದ ಲೆಕ್ಕಪತ್ರ ಇಡುವ ಕಂಪ್ಯೂಟರ್ ಇಂಥ ದಿನಗಳಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗತೊಡಗಿದರೆ ಅನೇಕರು ನೇರವಾಗಿ ಫಾರ್ಮ್ಯಾಟ್ ಮಾಡಿಸುತ್ತಾರೆ. ದೋಷ ಹಾರ್ಡ್‌ವೇರ್‌ನದಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಏನು ನಡೆದಿತ್ತೆಂಬ ದಾಖಲೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಮುಖ್ಯ ಕಡತಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ.

ನಂತರ ಅದು ನಿಲ್ಲುವ ರೀತಿಯನ್ನು ಗಮನಿಸಿ. ನೀಲಿ ಪರದೆ (ವಿಂಡೋಸ್ 11ರ ಈಚಿನ ಆವೃತ್ತಿಯಲ್ಲಿ ಕಪ್ಪು) ಬಂದರೆ ಅದರಲ್ಲಿರುವ ಸ್ಟಾಪ್ ಕೋಡ್‌ನ (ದೋಷ ಸೂಚಿಸುವ ಸಂಕೇತ) ಫೋಟೊ ತೆಗೆದುಕೊಳ್ಳಿ. ಯಾವ ಪರದೆಯೂ ಬಾರದೆ ಒಮ್ಮೆಲೇ ಆಫ್ ಆದರೆ ಯುಪಿಎಸ್, ಎಸ್‌ಎಂಪಿಎಸ್ (ಕಂಪ್ಯೂಟರ್‌ನೊಳಗೆ ಕರೆಂಟು ಒದಗಿಸುವ ಪೆಟ್ಟಿಗೆ) ಅಥವಾ ಅತಿಯಾದ ಬಿಸಿಯ ಮೇಲೆ ಅನುಮಾನ ಪಡಬೇಕು.

ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ಯನ್ನು ಹುಡುಕಿ ತೆರೆದರೆ ದಿನವಾರು ಪಟ್ಟಿ ಸಿಗುತ್ತದೆ. ಮೊದಲ ಕೆಂಪು ಗುರುತು ಬಿದ್ದ ದಿನದ ಆಸುಪಾಸಿನಲ್ಲೇ ಹೊಸ ಡ್ರೈವರ್ (ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶ) ಅಥವಾ ಅಪ್‌ಡೇಟ್ ಸೇರಿದ್ದರೆ ಅದನ್ನು ತೆಗೆದು ನೋಡಿ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ನಮೂದನ್ನು ಕಂಡೊಡನೆ ಎಸ್‌ಎಂಪಿಎಸ್ ಬದಲಿಸಲು ಹೊರಡಬಾರದು. ಕಂಪ್ಯೂಟರ್ ಸರಿಯಾಗಿ ಷಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದನ್ನಷ್ಟೇ ಅದು ತಿಳಿಸುತ್ತದೆ, ಕಾರಣವನ್ನಲ್ಲ.

ನಮ್ಮ ಕಡೆಯ ಹವೆಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ರ‍್ಯಾಮ್‌ಗೆ, ಅಂದರೆ ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿಯ ಪಟ್ಟಿಗೆ. ಡೆಸ್ಕ್‌ಟಾಪ್ ಆಗಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿದ ಮೇಲೆಯೇ ಕ್ಲಿಪ್ ಸಡಿಲಿಸಿ ರ‍್ಯಾಮ್ ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಉಳಿಯದಂತೆ ಒರೆಸಿ, ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ನಡೆಸಿ. ಅದರಲ್ಲಿ ಪಾಸಾದ ಮಾತ್ರಕ್ಕೆ ರ‍್ಯಾಮ್ ನಿರ್ದೋಷಿಯೆಂದು ನಂಬುವಂತಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಕೆಲವು ದಿನ ಕೆಲಸ ಮಾಡಿ ನೋಡುವುದು ಹೆಚ್ಚು ಖಚಿತವಾದ ಪರೀಕ್ಷೆ.

ಫ್ಯಾನು ಮತ್ತು ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನಲ್ಲಿ ಕಟ್ಟಿಕೊಂಡ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ವಿಂಡೋಸ್ ಕಡತಗಳನ್ನು ಪರೀಕ್ಷಿಸುವ ಸಿಸ್ಟಂ ಫೈಲ್ ಚೆಕರ್, ಡಿಸ್ಕನ್ನು ಪರೀಕ್ಷಿಸುವ ಚೆಕ್ ಡಿಸ್ಕ್ ಎರಡನ್ನೂ ಒಮ್ಮೆ ನಡೆಸಿ. ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಮಾಡಿ ಕಾದು ನೋಡದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಆಮೇಲೂ ಆಫ್ ಆಗುತ್ತಿದ್ದರೆ, ಅದೂ ಕರೆಂಟು ಹೋದ ಕ್ಷಣದಲ್ಲೇ ಆದರೆ, ಯುಪಿಎಸ್ ಬ್ಯಾಟರಿ ಸೋತಿರುವ ಸಂಭವ ಹೆಚ್ಚು. ಚೆನ್ನಾಗಿರುವ ಬೇರೆ ಯುಪಿಎಸ್‌ಗೆ ಜೋಡಿಸಿ ನೋಡಿ. ಅದರಲ್ಲಿ ನಿಲ್ಲದೆ ನಡೆದರೆ ಬ್ಯಾಟರಿ ಬದಲಾಯಿಸಿದರೆ ಸಾಕು, ಅಲ್ಲಿಯೂ ಆಫ್ ಆದರೆ ಎಸ್‌ಎಂಪಿಎಸ್ಸನ್ನು ಅಂಗಡಿಯಲ್ಲಿ ಪರೀಕ್ಷಿಸಬೇಕಾಗುತ್ತದೆ.